ಬಣ್ಣಕ್ಕೂ ಮೊದಲು ಹೊಳಪು: ಅಜ್ಜಿಯ ಸಂಚಿಯ ಬೆಳ್ಳಿ ರೂಪಾಯಿಗಳನ್ನು ಪರೀಕ್ಷೆಗೆ ಕಳುಹಿಸಿದ ಅನುಭವ

ಹದಿನಾರು ತಿಂಗಳ ಹಿಂದೆ ಕೈಗೆತ್ತಿಕೊಂಡ ಕೆಲಸವೊಂದು ಕಳೆದ ವಾರ ಮುಗಿಯಿತು. ಅಜ್ಜಿಯ ಎಲೆಯಡಿಕೆ ಸಂಚಿಯಲ್ಲಿ ಸಿಕ್ಕಿದ ಬೆಳ್ಳಿ ರೂಪಾಯಿಗಳ ಪೈಕಿ ಎರಡನ್ನು ಅಮೆರಿಕದ ಒಂದು ನಾಣ್ಯ ಶ್ರೇಣೀಕರಣ ಸಂಸ್ಥೆಗೆ, ಅಂದರೆ ನಾಣ್ಯದ ಸ್ಥಿತಿಯನ್ನು ಪರೀಕ್ಷಿಸಿ ಅಂಕ ಕೊಡುವವರಿಗೆ, ಕಳುಹಿಸಿದ್ದೆ. ಅವು ಗಟ್ಟಿ ಪ್ಲಾಸ್ಟಿಕ್ ಪೆಟ್ಟಿಗೆಗಳೊಳಗೆ ಭದ್ರವಾಗಿ ಕುಳಿತು ಮರಳಿ ಬಂದಿವೆ. ಬಂದ ಫಲಿತಾಂಶಗಳಲ್ಲಿ ಒಂದು ನನ್ನ ನಿರೀಕ್ಷೆಗೆ ತೀರ ವಿರುದ್ಧವಾಗಿತ್ತು. ಕಾಲ ಕಳೆದಂತೆ ಬಣ್ಣ ಪಡೆದ ಬೆಳ್ಳಿ ನಾಣ್ಯಗಳನ್ನು, ಅಂದರೆ ಸಂಗ್ರಾಹಕರು ಟೋನಿಂಗ್ ಆದ ನಾಣ್ಯ ಎಂದು ಕರೆಯುವವನ್ನು, ಹೇಗೆ ನೋಡಬೇಕೆಂಬುದನ್ನು ಕನ್ನಡದಲ್ಲಿ ವಿವರಿಸಿ ಹೇಳುವವರು ಆಗ ನನಗೆ ಯಾರೂ ಸಿಗಲಿಲ್ಲ. ಇದೇ ದಾರಿಯಲ್ಲಿ ಹೊರಟಿರುವವರಿಗೆ ನನ್ನಷ್ಟು ಗೊಂದಲವಾಗಬಾರದೆಂದು ನಡೆದದ್ದನ್ನು ನಡೆದ ಕ್ರಮದಲ್ಲಿಯೇ ಬರೆಯುತ್ತಿದ್ದೇನೆ.

ಅಜ್ಜಿ ತೀರಿಕೊಂಡ ಮೇಲೆ ಹಾಸನ ಜಿಲ್ಲೆಯ ನಮ್ಮ ಊರಿನ ಮನೆಯಲ್ಲಿ ಸಾಮಾನುಗಳನ್ನು ಹಂಚಿಕೊಂಡಾಗ, ಬೇರೆ ಯಾರೂ ಕೇಳದ ಆ ಬಟ್ಟೆಯ ಸಂಚಿ ನನ್ನ ಪಾಲಿಗೆ ಬಂತು. ಅದರ ಒಳಜೇಬಿನಲ್ಲಿ ಹನ್ನೆರಡು ರೂಪಾಯಿಗಳಿದ್ದವು: ಏಳನೇ ಎಡ್ವರ್ಡ್‌ನ 1907ರದು ಒಂದು, ಐದನೇ ಜಾರ್ಜ್‌ನ 1912, 1918, 1919 ಮತ್ತು 1920ರವು ಒಂದೊಂದು, ಆರನೇ ಜಾರ್ಜ್‌ನ 1938ರವು ಮೂರು, 1944 ಮತ್ತು 1945ರವು ನಾಲ್ಕು. ಮೈಸೂರಿಗೆ ಮರಳಿದ ದಿನ ಅವನ್ನು ಅಡುಗೆಮನೆಯ ಕಟ್ಟೆಯ ಮೇಲಿಟ್ಟು ಸ್ನಾನಕ್ಕೆ ಹೋದೆ. ಬರುವಷ್ಟರಲ್ಲಿ ಅಮ್ಮ ಮೂರನ್ನು ಹುಣಸೆಹಣ್ಣು ಹಾಕಿ ತಿಕ್ಕಿ ತೊಳೆದು ಒರೆಸಿಟ್ಟಿದ್ದರು. "ಕಪ್ಪಿಟ್ಟು ಹೋಗಿದ್ವು ಕಣೋ, ಬೆಳಗಿಟ್ಟಿದ್ದೀನಿ. ಉಳಿದಿದ್ದನ್ನೂ ಕೊಡು," ಎಂದರು. ಉಳಿದ ಒಂಬತ್ತನ್ನು ನಾನು ಎತ್ತಿಟ್ಟುಕೊಂಡೆ. ಅದೇನೂ ತಿಳಿವಳಿಕೆಯಿಂದ ಮಾಡಿದ್ದಲ್ಲ. ಕಿಟಕಿಯ ಬೆಳಕಿಗೆ ಹಿಡಿದಾಗ 1938ರ ಒಂದು ರೂಪಾಯಿಯ ಅಂಚಿನಲ್ಲಿ ಹೊಂಬಣ್ಣ, ಅದರಿಂದೀಚೆಗೆ ನೇರಳೆ, ಮತ್ತೂ ಈಚೆಗೆ ಗಾಢ ನೀಲಿ ಕಂಡು, ಇದನ್ನು ತಿಕ್ಕಿ ತೆಗೆಯಲು ಮನಸ್ಸು ಬರಲಿಲ್ಲ, ಅಷ್ಟೇ. ಅಮ್ಮ ಬೆಳಗಿದ 1907, 1912 ಮತ್ತು 1938ರ ಮೂರು ನಾಣ್ಯಗಳೇ ಮುಂದೆ ನನಗೆ ಒಳ್ಳೆಯ ಪಾಠಗಳಾದವು.

ಮೊದಲು ಬೆಂಗಳೂರಿನ ಒಬ್ಬ ವ್ಯಾಪಾರಿಗೆ ತೋರಿಸಿದೆ. ಅವರು ತಕ್ಕಡಿಗೆ ಹಾಕಿ, "ಕಪ್ಪಾಗಿವೆ ಸಾರ್, ಬೆಳ್ಳಿ ರೇಟಿಗೆ ತಗೋಬಹುದು," ಎಂದರು. ತೂಕದ ವಿಚಾರ ಸರಿಯಾಗಿಯೇ ಇತ್ತು. ಬ್ರಿಟಿಷ್ ಕಾಲದ ಈ ರೂಪಾಯಿ 180 ಗ್ರೇನ್, ಅಂದರೆ ಸರಿಯಾಗಿ ಒಂದು ತೊಲ, 11.66 ಗ್ರಾಂ ತೂಗುತ್ತದೆ. ಅದರಲ್ಲಿ ಹನ್ನೆರಡಕ್ಕೆ ಹನ್ನೊಂದು ಪಾಲು, ಎಂದರೆ ಶೇ. 91.7ರಷ್ಟು ಬೆಳ್ಳಿ. 1940ರಿಂದ 1945ರವರೆಗಿನವುಗಳಲ್ಲಿ ಬೆಳ್ಳಿ ಅರ್ಧಕ್ಕಿಳಿಯಿತು. ಉಳಿದರ್ಧದಲ್ಲಿ ತಾಮ್ರ ಶೇ. 40, ನಿಕಲ್ ಮತ್ತು ಸತು ಶೇ. 5ರಂತೆ. ನನ್ನ ಸಂಚಿಯ 1944 ಮತ್ತು 1945ರ ನಾಣ್ಯಗಳು ಬರಿಯ ಬೂದು ಮತ್ತು ಕಂದು ಬಣ್ಣಕ್ಕೆ ತಿರುಗಿ, ಅದೇ ಬಟ್ಟೆಯೊಳಗೆ ಅಷ್ಟೇ ಕಾಲವಿದ್ದ 1938ರದೊಂದು ನೀಲಿ ನೇರಳೆಗೆ ತಿರುಗಿದ್ದೇಕೆಂಬುದು ಈ ಮಿಶ್ರಲೋಹದ ವ್ಯತ್ಯಾಸ ತಿಳಿದ ಮೇಲೆ ಅರ್ಥವಾಯಿತು. ವ್ಯಾಪಾರಿಗೆ ನಾಣ್ಯ ಕೊಡದೆ ಮರಳಿದೆ. ಆದರೆ ಬಣ್ಣ ಕೇಡೋ ಚೆಲುವೋ ಎಂಬ ಪ್ರಶ್ನೆ ಮನಸ್ಸಿನಲ್ಲಿ ಉಳಿದೇ ಇತ್ತು.

ಇದೇ ಹೊತ್ತಿನಲ್ಲಿ ನನ್ನ ದೊಡ್ಡ ತಪ್ಪು ನಡೆಯಿತು. ಅಂತರ್ಜಾಲದಲ್ಲಿ ಒಬ್ಬ ಮಾರಾಟಗಾರರು ಇಟ್ಟಿದ್ದ 1919ರ ಒಂದು ರೂಪಾಯಿಯ ಚಿತ್ರದಲ್ಲಿ ಕಾಮನಬಿಲ್ಲೇ ಇಳಿದು ಬಂದಂತಿತ್ತು. 4,500 ರೂಪಾಯಿ ಕೊಟ್ಟು ತರಿಸಿದೆ. ಕೈಗೆ ಬಂದಾಗ ಟ್ಯೂಬ್‌ಲೈಟಿನ ಬೆಳಕಿನಲ್ಲಿ ಚೆನ್ನಾಗಿಯೇ ಕಂಡಿತು. ಹತ್ತು ದಿನಗಳ ನಂತರ ಹಿರಿಯ ಸಂಗ್ರಾಹಕರೊಬ್ಬರು ಅದನ್ನು ನನ್ನ ಕೈಯಿಂದ ತೆಗೆದುಕೊಂಡು, ಕೋಣೆಯ ದೀಪವಾರಿಸಿ, ಮೇಜಿನ ದೀಪವೊಂದನ್ನೇ ಉರಿಸಿ, ನಾಣ್ಯವನ್ನು ಅಂಚಿನಲ್ಲಿ ಹಿಡಿದು ನಿಧಾನವಾಗಿ ತಿರುಗಿಸಿ, "ಇದರಲ್ಲಿ ಬೆಳಕು ಓಡುತ್ತಲೇ ಇಲ್ಲವಲ್ಲ," ಎಂದರು. ಅವರ ಮಾತಿನ ಅರ್ಥ ಅಂದು ನನಗಾಗಲಿಲ್ಲ. ಮನೆಗೆ ಬಂದು ಶುದ್ಧ ಅಸಿಟೋನಿನಲ್ಲಿ ನಾಣ್ಯವನ್ನು ನೆನೆಸಿದಾಗ ಗುಲಾಬಿ ಬಣ್ಣದ ಒಂದು ಪಾಲು ದ್ರವದಲ್ಲಿ ಕರಗಿಯೇ ಹೋಯಿತು. ಹಿಂದಿರುಗಿಸಲು ಕೊಟ್ಟಿದ್ದ ಏಳು ದಿನಗಳ ಗಡುವು ಅಷ್ಟರಲ್ಲಿ ಮುಗಿದಿತ್ತು. ದುಡ್ಡಿಗಿಂತ ಹೆಚ್ಚಾಗಿ, ನನ್ನ ಕಣ್ಣನ್ನೇ ನಾನು ನಂಬಲಾರೆನೆಂಬ ಸಂಕಟ ಹಲವು ವಾರ ಕಾಡಿತು.

ಇಲ್ಲಿ ಒಂದು ಮಾತು ಹೇಳಬೇಕು. ಅಸಿಟೋನ್ ಬೆಳ್ಳಿಯ ಸಹಜ ಬಣ್ಣವನ್ನು ತೆಗೆಯುವುದಿಲ್ಲ; ಎಣ್ಣೆ, ಅಂಟು, ಮೆರುಗೆಣ್ಣೆ, ಮೆತ್ತನೆಯ ಪ್ಲಾಸ್ಟಿಕ್ ಕವರಿನಿಂದ ಬಂದ ಹಸಿರು ಜಿಡ್ಡು ಇಂಥವನ್ನು ಮಾತ್ರ ಕರಗಿಸುತ್ತದೆ. ಆದ್ದರಿಂದ ಬಣ್ಣ ಕರಗಿದರೆ ಅದು ಹಚ್ಚಿದ ಬಣ್ಣವೆನ್ನಬಹುದು. ಕರಗದಿದ್ದರೆ ಸಹಜವೆಂದು ಹೇಳಲಾಗದು, ಏಕೆಂದರೆ ಗಂಧಕದ ರಾಸಾಯನಿಕಗಳಿಂದ ಅವಸರದಲ್ಲಿ ಬರಿಸಿದ ಬಣ್ಣವೂ ಅಸಿಟೋನಿಗೆ ಜಗ್ಗುವುದಿಲ್ಲ. ಪ್ರಯತ್ನಿಸುವವರು ಗಾಜಿನ ಬಟ್ಟಲನ್ನೇ ಬಳಸಬೇಕು, ಕಿಟಕಿ ತೆರೆದಿರಬೇಕು, ಹತ್ತಿರದಲ್ಲಿ ಬೆಂಕಿ ಇರಬಾರದು, ನಾಣ್ಯವನ್ನು ಉಜ್ಜಲೇಬಾರದು. ಉಗುರುಬಣ್ಣ ತೆಗೆಯುವ ದ್ರವದಲ್ಲಿ ಸುಗಂಧ, ಎಣ್ಣೆಗಳು ಸೇರಿರುವುದರಿಂದ ಅದು ಇದಕ್ಕೆ ಆಗಿಬರುವುದಿಲ್ಲ.

"ಬೆಳಕು ಓಡುವುದು" ಎಂದರೇನೆಂದು ತಿಳಿಯಲು ನನಗೆ ಎರಡು ತಿಂಗಳು ಹಿಡಿಯಿತು. ಟಂಕಸಾಲೆಯಲ್ಲಿ ಎರಡು ಅಚ್ಚುಗಳ ನಡುವೆ ಲೋಹದ ಬಿಲ್ಲೆ ಭಾರಿ ಒತ್ತಡಕ್ಕೆ ಸಿಕ್ಕಾಗ, ಲೋಹ ನಡುವಿನಿಂದ ಅಂಚಿನ ಕಡೆಗೆ ಹರಿಯುತ್ತದೆ. ಹಾಗೆ ಸಾವಿರಾರು ಬಿಲ್ಲೆಗಳು ಹರಿದು ಹರಿದು ಅಚ್ಚಿನ ಮೇಲೆಯೇ ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ಗೆರೆಗಳು ಮೂಡುತ್ತವೆ, ಆ ಗೆರೆಗಳು ನಾಣ್ಯದ ಮೈಮೇಲೂ ಇಳಿಯುತ್ತವೆ. ನಾಣ್ಯವನ್ನು ಒಂಟಿ ದೀಪದ ಕೆಳಗೆ ಓರೆಯಾಗಿ ಹಿಡಿದು ತಿರುಗಿಸಿದಾಗ ಈ ಗೆರೆಗಳಿಂದ ಪ್ರತಿಫಲಿಸಿದ ಬೆಳಕಿನ ಪಟ್ಟೆಯೊಂದು ನಡುವಿನಿಂದ ಅಂಚಿನವರೆಗೆ ಚಾಚಿಕೊಂಡು, ಬಂಡಿಯ ಚಕ್ರದ ಕಡ್ಡಿಗಳಂತೆ ಸುತ್ತುತ್ತದೆ. ರೇಷ್ಮೆ ಸೀರೆಯ ಮಡಿಕೆಯನ್ನು ಅಲ್ಲಾಡಿಸಿದಾಗ ಅದರ ಮೇಲೆ ಬೆಳಕು ಜಾರುವುದನ್ನು ನೋಡಿದವರಿಗೆ ಇದು ಬೇಗ ಹಿಡಿಸುತ್ತದೆ. ಮೂಲ ಹೊಳಪು ಎಂದರೆ ಇದೇ, ಕನ್ನಡಿಯಂಥ ಥಳಕಲ್ಲ. ಅಮ್ಮ ಬೆಳಗಿದ ನಾಣ್ಯಗಳು ಬೆಳ್ಳಗೆ ಫಳಫಳ ಎನ್ನುತ್ತಿದ್ದರೂ ಅವುಗಳನ್ನು ತಿರುಗಿಸಿದಾಗ ಎಲ್ಲ ಕಡೆಯೂ ಒಂದೇ ಸಮನಾದ ಬೆಳಕು ಮಿನುಗುತ್ತಿತ್ತೇ ಹೊರತು ಪಟ್ಟೆ ಸುತ್ತುತ್ತಿರಲಿಲ್ಲ. ಭೂತಗನ್ನಡಿಯಲ್ಲಿ ನೋಡಿದರೆ ಒಂದೇ ದಿಕ್ಕಿಗೆ ಹೋದ ಕೂದಲೆಳೆಯಂಥ ಗೀರುಗಳು ತುಂಬಿದ್ದವು. ಒಮ್ಮೆ ಸವೆದ ಅಥವಾ ಆಮ್ಲದಲ್ಲಿ ಕರಗಿದ ಆ ಸೂಕ್ಷ್ಮ ಗೆರೆಗಳನ್ನು ಮರಳಿ ತರುವ ಉಪಾಯ ಯಾವುದೂ ಇಲ್ಲ.

ಅಭ್ಯಾಸಕ್ಕೆ ಹಳೆಯ ಬೆಳ್ಳಿಯೇ ಬೇಕೆಂದಿಲ್ಲ. ಬ್ಯಾಂಕಿನಲ್ಲಿ ಹೊಸ ಐದು ರೂಪಾಯಿಯ ನಾಣ್ಯಗಳ ಒಂದು ಕಟ್ಟು ಪಡೆದು, ಅದರಲ್ಲಿ ಒಂದನ್ನು ಹಾಗೆಯೇ ಇಟ್ಟು, ಇನ್ನೊಂದನ್ನು ಎರಡು ವಾರ ಜೇಬಿನಲ್ಲಿ ಕೀಲಿಕೈಗಳ ಜೊತೆ ತಿರುಗಾಡಿಸಿ, ಆಮೇಲೆ ಎರಡನ್ನೂ ದೀಪದಡಿ ಹೋಲಿಸಿದೆ. ಮೊದಲನೆಯದರಲ್ಲಿ ಪಟ್ಟೆ ತುಂಡಾಗದೆ ಸುತ್ತಿತು. ಎರಡನೆಯದರಲ್ಲಿ ಎತ್ತರದ ಭಾಗಗಳಿಗೆ ಬಂದಾಗಲೆಲ್ಲ ಕಡಿದು ಹೋಯಿತು. ದಿನಕ್ಕೆ ಹತ್ತು ನಿಮಿಷದಂತೆ ಮೂರು ವಾರ ಹೀಗೆ ನೋಡಿದ ಮೇಲೆ ನನ್ನ ಕಣ್ಣು ಪಳಗಿತು. ದೀಪ ಹಳದಿ ಬೆಳಕಿನದಾಗಿರಲಿ, ನಾಣ್ಯದಿಂದ ಒಂದು ಅಡಿ ದೂರವಿರಲಿ, ಕೋಣೆಯಲ್ಲಿ ಬೇರೆ ಬೆಳಕು ಬೇಡ. ಟ್ಯೂಬ್‌ಲೈಟಿನ ಚದುರಿದ ಬೆಳಕು ಹೊಳಪಿನ ದೋಷಗಳನ್ನೆಲ್ಲ ಮುಚ್ಚಿಡುತ್ತದೆ. ದೀಪಕ್ಕೆ 900 ರೂಪಾಯಿ, ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿಗೆ 1,100, ಅಸಿಟೋನಿಗೆ 350 ಖರ್ಚಾಯಿತು.

ಹೊಳಪು ತಿಳಿದ ಮೇಲೆ ಬಣ್ಣದ ಪಾಠ. ಗಾಳಿಯಲ್ಲಿರುವ, ಕಾಗದ ಮತ್ತು ರಟ್ಟಿನಿಂದ ಹೊರಬರುವ ಗಂಧಕದ ಸಂಯುಕ್ತಗಳು ಬೆಳ್ಳಿಯೊಡನೆ ಸೇರಿ ಬೆಳ್ಳಿಯ ಸಲ್ಫೈಡ್ ಎಂಬ ಪೊರೆಯಾಗುತ್ತವೆ. ತಲೆಗೂದಲಿನ ದಪ್ಪದ ಸುಮಾರು ಸಾವಿರದಲ್ಲೊಂದು ಪಾಲಿನಷ್ಟು ತೆಳುವಾದ ಈ ಪೊರೆಯ ಮೇಲ್ಭಾಗದಿಂದ ಮರಳಿದ ಬೆಳಕೂ ತಳಭಾಗದಿಂದ ಮರಳಿದ ಬೆಳಕೂ ಒಂದರೊಡನೊಂದು ಸೇರಿದಾಗ ಕೆಲವು ಬಣ್ಣಗಳು ಅಳಿದು ಕೆಲವು ಉಳಿಯುತ್ತವೆ. ಮಳೆಗಾಲದ ರಸ್ತೆಯಲ್ಲಿ ನೀರಿನ ಮೇಲೆ ಹರಡಿದ ಎಣ್ಣೆ ಬಣ್ಣಬಣ್ಣವಾಗಿ ಕಾಣುವುದೂ ಇದೇ ಕಾರಣದಿಂದ. ಪೊರೆ ದಪ್ಪವಾದಂತೆ ಬಣ್ಣಗಳು ಒಂದು ನಿಶ್ಚಿತ ಸರದಿಯಲ್ಲಿ ಬರುತ್ತವೆ: ಮೊದಲು ತಿಳಿಹಳದಿ, ಆಮೇಲೆ ಹೊಂಬಣ್ಣ, ಕೆಂಗಂದು, ಕೆನ್ನೇರಳೆ, ಗಾಢ ನೀಲಿ, ತಿಳಿನೀಲಿ, ಅನಂತರ ಎರಡನೆಯ ಸುತ್ತಿನಲ್ಲಿ ಮತ್ತೆ ಹಳದಿ, ಗುಲಾಬಿ, ಅದರ ಬಳಿಕ ಹಸಿರು. ಪೊರೆ ಇನ್ನೂ ಬೆಳೆದರೆ ಕೊನೆಗೆ ಕಪ್ಪು, ಆ ಹೊತ್ತಿಗೆ ಕೆಳಗಿನ ಹೊಳಪೂ ಸತ್ತಿರುತ್ತದೆ. ಹಸಿರು ಮೊದಲ ಸುತ್ತಿನಲ್ಲಿ ಬರುವುದಿಲ್ಲ. ಆದ್ದರಿಂದ ಒಂದು ನಾಣ್ಯದಲ್ಲಿ ಬೋಳು ಬೆಳ್ಳಿಯ ಪಕ್ಕದಲ್ಲೇ ದಟ್ಟ ಹಸಿರೋ ನೀಲಿಯೋ ಥಟ್ಟನೆ ಎದ್ದು ನಿಂತಿದ್ದು, ನಡುವಿನ ಹಳದಿ, ನೇರಳೆಗಳು ಕಾಣದಿದ್ದರೆ ನಾನು ಅದನ್ನು ಕೊಳ್ಳುವುದಿಲ್ಲ. ನಾನು ಕೊಂಡು ಮೋಸಹೋದ ನಾಣ್ಯದಲ್ಲಿ ಅರಸನ ಕೆನ್ನೆಯ ಮೇಲೆ ಗುಲಾಬಿ, ಅದಕ್ಕೆ ತಾಗಿಕೊಂಡೇ ಬೋಳು ಬೆಳ್ಳಿ. ಅಷ್ಟೇ ಅಲ್ಲ, ಒಂದು ಹೊಸ ಗೀರಿನ ಒಳಗೂ ಅದೇ ಗುಲಾಬಿ ಇಳಿದಿತ್ತು. ಸಹಜ ಬಣ್ಣ ಹೆಚ್ಚಾಗಿ ನಿಧಾನವಾಗಿ ಅಂಚಿನಿಂದ ಒಳಕ್ಕೆ ತೆವಳುತ್ತದೆ, ಅಕ್ಷರಗಳ ಬುಡದಲ್ಲಿ ತುಸು ತಡೆದು ನಿಂತು ತೆಳುವಾದ ಅಂಚು ಬಿಡುತ್ತದೆ, ಮತ್ತು ಮುಖ್ಯವಾಗಿ ಅದರ ಕೆಳಗಿನಿಂದ ಬೆಳಕಿನ ಪಟ್ಟೆ ತಡೆಯಿಲ್ಲದೆ ಸುತ್ತುತ್ತದೆ. ನಾಣ್ಯ ತಿರುಗಿದಂತೆ ಬಣ್ಣವೂ ಹೊತ್ತಿಕೊಂಡು ಆರಬೇಕು. ಯಾವ ಕೋನದಲ್ಲಿ ನೋಡಿದರೂ ಗೋಡೆಗೆ ಬಳಿದ ಬಣ್ಣದಂತೆ ಕದಲದೆ ಇದ್ದರೆ ಅದರ ಕೆಳಗೆ ಹೊಳಪು ಉಳಿದಿಲ್ಲವೆಂದೇ ತಿಳಿಯಬೇಕು. ಮಾರಾಟದ ಚಿತ್ರಗಳಲ್ಲಿ ಇದು ಗೊತ್ತಾಗುವುದಿಲ್ಲ. ಒಂಟಿ ದೀಪದಡಿ ನಾಣ್ಯ ತಿರುಗಿಸುವ ವಿಡಿಯೊ ಕೇಳಿ ಪಡೆಯುವುದೇ ಒಳ್ಳೆಯದು.

ಇಂಥ ನಾಣ್ಯಗಳ ಮೇಲಿನ ಮೋಹ ಹೆಚ್ಚಾಗಿ ಬೆಳೆದದ್ದು ಅಮೆರಿಕದ ಮಾರ್ಗನ್ ಡಾಲರ್ ಎಂಬ ಹಳೆಯ ಬೆಳ್ಳಿ ನಾಣ್ಯಗಳ ಸುತ್ತ. ಅವನ್ನು ಚೀಲಕ್ಕೆ ಸಾವಿರದಂತೆ ಬಟ್ಟೆಯ ಚೀಲಗಳಲ್ಲಿ ತುಂಬಿ ಖಜಾನೆಯಲ್ಲಿ ದಶಕಗಳ ಕಾಲ ಇಟ್ಟಿದ್ದರು. ಬಟ್ಟೆಗೆ ತಾಗಿಕೊಂಡಿದ್ದ ನಾಣ್ಯಗಳ ಮೇಲೆ ಚಂದ್ರಕಲೆಯಾಕಾರದಲ್ಲಿ ಬಣ್ಣ ಮೂಡಿತು. 1918ರ ಪಿಟ್‌ಮನ್ ಕಾಯಿದೆಯ ಪ್ರಕಾರ ಸುಮಾರು 27 ಕೋಟಿ ಬೆಳ್ಳಿ ಡಾಲರ್‌ಗಳನ್ನು ಕರಗಿಸಿ, ಅದರ ಬಹುಪಾಲು ಬೆಳ್ಳಿಯನ್ನು ಬ್ರಿಟನ್ನಿಗೆ ಮಾರಿದ್ದು ಭಾರತದಲ್ಲಿ ರೂಪಾಯಿ ಟಂಕಿಸಲೆಂದೇ. ಸಂಚಿಯಲ್ಲಿದ್ದ 1919ರ ರೂಪಾಯಿಯಲ್ಲಿ ಆ ಬೆಳ್ಳಿಯ ಪಾಲಿರಬಹುದೆಂದು ಓದಿದ ದಿನ ನಾನು ಅದನ್ನು ಬಹಳ ಹೊತ್ತು ಕೈಯಲ್ಲಿ ಹಿಡಿದುಕೊಂಡೇ ಕುಳಿತಿದ್ದೆ. ಅಮೆರಿಕದ ಚೀಲದಿಂದ ಹೊರಟ ಬೆಳ್ಳಿ ಅಜ್ಜಿಯ ಸಂಚಿಗೆ ಬಂದು ಬಟ್ಟೆಯ ಮಗ್ಗುಲಲ್ಲೇ ಮತ್ತೆ ಬಣ್ಣ ಪಡೆದಿರಬಹುದು.

ಆ 1919ರ ನಾಣ್ಯವನ್ನೇ ಮೊದಲು ಶ್ರೇಣೀಕರಣಕ್ಕೆ ಕಳುಹಿಸಬೇಕೆಂದಿದ್ದೆ. ಅಲ್ಲಿ ನಾನು ಊಹಿಸಿರದ ತಡೆ ಎದುರಾಯಿತು. ನಮ್ಮ ದೇಶದ 1972ರ ಪುರಾತನ ವಸ್ತುಗಳು ಮತ್ತು ಕಲಾ ನಿಧಿಗಳ ಕಾಯಿದೆಯ ಪ್ರಕಾರ ನೂರು ವರ್ಷ ತುಂಬಿದ ನಾಣ್ಯವೂ ಪುರಾತನ ವಸ್ತು, ಅದನ್ನು ಖಾಸಗಿ ವ್ಯಕ್ತಿ ವಿದೇಶಕ್ಕೆ ಕಳುಹಿಸುವುದು ಅಪರಾಧ. ಬರಿಯ ಪರೀಕ್ಷೆಗೆ ಹೋಗಿ ಮರಳುತ್ತದೆಂಬ ಸಮಾಧಾನ ಇಲ್ಲಿ ನಡೆಯುವುದಿಲ್ಲ. ಅಂಚೆಯಲ್ಲಿ ಹಾಗೆಯೇ ಹಾಕಿಬಿಡಿ, ಯಾರು ನೋಡುತ್ತಾರೆ ಎಂದು ಹೇಳಿದವರೂ ಇದ್ದರು. ದಯವಿಟ್ಟು ಆ ಮಾತು ಕೇಳಬೇಡಿ. ಐದನೇ ಜಾರ್ಜ್‌ನ ನಾಲ್ಕೂ, ಎಡ್ವರ್ಡ್‌ನ ಒಂದೂ ಹೀಗೆ ಮನೆಯಲ್ಲೇ ಉಳಿದವು. 1938ರವುಗಳಿಗೆ ನೂರು ತುಂಬಿರಲಿಲ್ಲವಾದ್ದರಿಂದ, ಪುರಾತನ ವಸ್ತುವಲ್ಲವೆಂಬ ಪ್ರಮಾಣಪತ್ರ ಮಾಡಿಸಿಕೊಂಡೇ ಕಳುಹಿಸುವುದೆಂದು ತೀರ್ಮಾನಿಸಿದೆ. ಎರಡೂ ಬದಿಯ ಚಿತ್ರ, ತೂಕ, ಅಳತೆ, ಗುರುತಿನ ಚೀಟಿ, ನಾಣ್ಯ ಹೇಗೆ ಬಂತೆಂಬ ಒಂದು ಪುಟದ ಬರಹ ಇಷ್ಟನ್ನು ಕೊಟ್ಟು, ನಾಣ್ಯಗಳನ್ನೇ ಖುದ್ದಾಗಿ ತೋರಿಸಲು ಬೆಂಗಳೂರಿಗೆ ಮೂರು ಸಲ ಹೋಗಿ ಬಂದೆ. ಏಳು ವಾರ ಹಿಡಿಯಿತು.

ಒಬ್ಬ ಮಧ್ಯವರ್ತಿಯ ಮೂಲಕ ಕಳುಹಿಸಿದೆ. ಅವರು ಹಲವರ ನಾಣ್ಯಗಳನ್ನು ಒಟ್ಟುಗೂಡಿಸಿ ಕಳುಹಿಸುವುದರಿಂದ ಸಾಗಣೆ, ವಿಮೆ, ಶ್ರೇಣೀಕರಣ ಎಲ್ಲ ಸೇರಿ ಒಂದಕ್ಕೆ 7,800 ರೂಪಾಯಿಯಾಯಿತು. ಕೊಡುವ ದಿನ ಅವರ ಸಹಾಯಕ ನಾಣ್ಯವನ್ನು ಅಂಗೈ ಮೇಲಿಟ್ಟುಕೊಂಡು, "ಸ್ವಲ್ಪ ಡಿಪ್ ಮಾಡಿಸಿ ಕಳುಹಿಸಿದರೆ ಒಳ್ಳೆ ಗ್ರೇಡ್ ಬರುತ್ತೆ ಸಾರ್," ಎಂದಾಗ ನನ್ನ ಎದೆ ಧಸಕ್ಕೆಂದಿತು. ಆಮ್ಲದ ದ್ರಾವಣದಲ್ಲಿ ಅದ್ದಿ ತೆಗೆಯುವುದೇ ಡಿಪ್. ಬಣ್ಣದ ಜೊತೆಗೆ ಲೋಹದ ಮೇಲ್ಪದರವೂ ಹೋಗುವುದರಿಂದ ಪ್ರತಿ ಸಲವೂ ಹೊಳಪು ಸೊರಗುತ್ತದೆ. ಯಾವ ಕಾರಣಕ್ಕೂ ನಾಣ್ಯವನ್ನು ತೊಳೆಯಬಾರದೆಂದೂ ಪಿವಿಸಿ ಎಂಬ ಮೆತ್ತನೆಯ ಪ್ಲಾಸ್ಟಿಕ್ಕಿನ ಕವರಿನಲ್ಲಿಡಬಾರದೆಂದೂ ರಸೀದಿಯ ಮೇಲೆಯೇ ಬರೆಸಿಕೊಂಡೆ. ನೀವೂ ಬರೆಸಿಕೊಳ್ಳಿ.

ಕಳುಹಿಸಿದ ಎರಡರಲ್ಲಿ ಒಂದು, ಮೊದಲ ದಿನವೇ ನನ್ನ ಮನಸೆಳೆದ ನೀಲಿ ನೇರಳೆಯದು. ಅದರ ಬಣ್ಣದೊಳಗೆ ಸಂಚಿಯ ಬಟ್ಟೆಯ ನೇಯ್ಗೆಯ ಅಡ್ಡಗೆರೆ ಉದ್ದಗೆರೆಗಳೂ ಮೂಡಿದ್ದವು. ಬಣ್ಣ ಸಹಜವೆಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡವೆಂದುಕೊಂಡಿದ್ದೆ. ಇನ್ನೊಂದರ ಮೇಲೆ ತಿಳಿಹೊನ್ನಿನ ಒಂದು ಎಳೆಯಷ್ಟೇ ಇತ್ತು. ಐದು ತಿಂಗಳು ಕಾದೆ. ಮೊದಲ ತಿಂಗಳು ದಿನವೂ ಸ್ಥಿತಿ ಪರಿಶೀಲಿಸುತ್ತಿದ್ದೆ, ಆಮೇಲೆ ಬಿಟ್ಟೆ.

ಶ್ರೇಣಿ ಕೊಡುವುದು 1949ರಲ್ಲಿ ವಿಲಿಯಂ ಶೆಲ್ಡನ್ ಅಮೆರಿಕದ ಹಳೆಯ ಸೆಂಟ್‌ಗಳಿಗಾಗಿ ರೂಪಿಸಿದ 70 ಅಂಕಗಳ ಮಾನದಲ್ಲಿ. 60 ಮತ್ತು ಅದಕ್ಕೆ ಮೇಲ್ಪಟ್ಟದ್ದು ಚಲಾವಣೆಯಲ್ಲಿ ಸವೆಯದ ನಾಣ್ಯ. ತಿಳಿಹೊನ್ನಿನ ನಾಣ್ಯಕ್ಕೆ 64 ಬಂದಿತ್ತು. ನೀಲಿ ನೇರಳೆಯದಕ್ಕೆ ಅಂಕವೇ ಇರಲಿಲ್ಲ, ಚೀಟಿಯ ಮೇಲೆ ಹಿಂದೆ ಶುಚಿಗೊಳಿಸಲಾಗಿದೆ ಎಂಬ ಷರಾ ಮಾತ್ರ ಇತ್ತು. ಆ ಸಂಜೆ ಊಟ ಸೇರಲಿಲ್ಲ. ಮರುದಿನ ಪೆಟ್ಟಿಗೆಯ ಸಮೇತ ಅದನ್ನು ದೀಪದಡಿ ಹಿಡಿದು, ಬಣ್ಣವನ್ನು ಮರೆತು ಬೆಳಕಿನ ಪಟ್ಟೆಯೊಂದನ್ನೇ ಹಿಂಬಾಲಿಸಿದೆ. ಅರಸನ ಮುಖದ ಮುಂದಿನ ಬಯಲಿಗೆ ಬಂದಾಗ ಪಟ್ಟೆ ಮಂಕಾಗಿ, ಬೆರಳಿನಿಂದ ಒರೆಸಿದ ಗುರುತಿನಂತೆ ಕದಡಿ, ಆಚೆ ಮತ್ತೆ ಹೊತ್ತಿಕೊಂಡಿತು. ಅಲ್ಲಿ ನೀಲಿಯ ಅಡಿಯಲ್ಲಿ ಒಂದೇ ದಿಕ್ಕಿನ ನವಿರು ಗೀರುಗಳಿದ್ದವು. ಬಣ್ಣ ಸಹಜವೇ ಆಗಿತ್ತು, ಆದರೆ ಒರೆಸಿದ ಮೈಮೇಲೆ ಬೆಳೆದ ಸಹಜ ಬಣ್ಣ. ಇದು ಕಳುಹಿಸುವ ಮೊದಲೂ ಅಲ್ಲೇ ಇತ್ತು. ಪಳಗಿದ ಕಣ್ಣಿದ್ದೂ ನಾನು ನೇಯ್ಗೆಯ ಗುರುತನ್ನೂ ನೀಲಿಯನ್ನೂ ನೋಡುತ್ತ ಹೊಳಪನ್ನು ಕೇಳುವುದನ್ನೇ ಬಿಟ್ಟಿದ್ದೆ. ಈಗ ಯಾವ ನಾಣ್ಯ ಬಂದರೂ ಮೊದಲ ಸುತ್ತಿನಲ್ಲಿ ಬಣ್ಣವನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ ಪಟ್ಟೆ ಪೂರ್ತಿ ಒಂದು ಸುತ್ತು ಬರುವುದೇ ಎಂದು ನೋಡುತ್ತೇನೆ, ಎಲ್ಲಿ ಕಡಿಯುತ್ತದೋ ಅಲ್ಲಿ ಭೂತಗನ್ನಡಿ ಇಡುತ್ತೇನೆ, ಆಮೇಲಷ್ಟೇ ಬಣ್ಣ.

ಅಮ್ಮನಿಗೆ ಈ ಷರಾದ ವಿಷಯ ಹೇಳಿದಾಗ ಅವರು ಸ್ವಲ್ಪ ಯೋಚಿಸಿ, "ಅತ್ತೆಯೋರು ಪೂಜೆ ಆದ್ಮೇಲೆ ಕಲಶದ ರೂಪಾಯಿನ ವಿಭೂತೀಲಿ ಒರೆಸಿ ಸಂಚಿಗೆ ಹಾಕ್ಕೊಳ್ತಿದ್ರು," ಎಂದರು. ಆ ನಾಣ್ಯವನ್ನು ಮಾರುವ ಯೋಚನೆ ಅಲ್ಲಿಗೆ ಮುಗಿಯಿತು.

ಈಗ ಉಳಿದವನ್ನೆಲ್ಲ ಪಿವಿಸಿ ಇಲ್ಲದ ಗಟ್ಟಿ ಪ್ಲಾಸ್ಟಿಕ್ ಬಿಲ್ಲೆಗೂಡುಗಳಲ್ಲಿಟ್ಟು, ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣಗಳೊಡನೆ ಬಿಗಿಮುಚ್ಚಳದ ಡಬ್ಬಿಯಲ್ಲಿ ಇರಿಸಿದ್ದೇನೆ. ಪೊಟ್ಟಣಗಳನ್ನು ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಬದಲಿಸಬೇಕು. ರಟ್ಟಿನ ಪೆಟ್ಟಿಗೆ, ರಬ್ಬರ್ ಬ್ಯಾಂಡ್, ಮರದ ಕಪಾಟು ಇವುಗಳ ಹತ್ತಿರ ಬೆಳ್ಳಿಯನ್ನು ಸುಳಿಯಗೊಡಬೇಡಿ. ಈಗಾಗಲೇ ಚೆಂದದ ನೀಲಿಗೆ ಬಂದು ನಿಂತ ನಾಣ್ಯ ಅಲ್ಲಿ ಕಪ್ಪಿನ ಕಡೆಗೆ ಹೊರಡುತ್ತದೆ. ಅಜ್ಜಿಯ ಸಂಚಿಯನ್ನು ಬೇರೆಯಾಗಿ ತೆಗೆದಿಟ್ಟಿದ್ದೇನೆ. ಬರುವ ವರಮಹಾಲಕ್ಷ್ಮಿ ಹಬ್ಬದ ಕಲಶಕ್ಕೆಂದು, ಅಮ್ಮ ಅಂದು ಬೆಳಗಿದ ಆ ಮೂರು ರೂಪಾಯಿಗಳನ್ನು ಅವರ ಕೈಗೇ ಕೊಟ್ಟಿದ್ದೇನೆ.